ಪದಚರ್ಚೆ: ಆಟದ ಪಾತ್ರವನ್ನು ‘ಸೇವ್’ ಮಾಡುವುದಕ್ಕೂ ‘ಲೋಡ್’ ಮಾಡುವುದಕ್ಕೂ ಕನ್ನಡದಲ್ಲಿ ಏನೆನ್ನಬೇಕು?

ಬಳಗದ ಹಿರಿಯರಿಗೆ ನಮಸ್ಕಾರ.

ಬೆಂಗಳೂರಿನ ಕನ್ನಡ ಮಾಧ್ಯಮ ಶಾಲೆಯೊಂದರ ಎಂಟನೆಯ ತರಗತಿಯ ಮಕ್ಕಳಿಗಾಗಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಶುಕ್ರವಾರ ಪುಟಗಳು ಚಾಮರಾಜಪೇಟೆಯ ಮುದ್ರಣಾಲಯವನ್ನು ಸೇರಬೇಕಾಗಿರುವುದರಿಂದ ಉತ್ತರ ಬೇಗ ದೊರೆತರೆ ಉಪಕಾರವಾಗುತ್ತದೆ.

ಕೊನೆಯ ಪಾಠದಲ್ಲಿ ಮಕ್ಕಳು ಒಂದು ಸಾಹಸದ ಆಟವನ್ನು ಬರೆಯುತ್ತಾರೆ. ನಾಯಕನ ಹೆಸರು, ಜೀವಬಲ, ಅವನಲ್ಲಿರುವ ಚಿನ್ನ, ಚೀಲದೊಳಗಿನ ವಸ್ತುಗಳು, ಇವಿಷ್ಟೂ ಒಂದು ಡಿಕ್ಷನರಿಯಲ್ಲಿ, ಎಂದರೆ ಪ್ರತಿ ವಿವರವನ್ನೂ ಅದರ ಹೆಸರಿನೊಂದಿಗೆ ಜೋಡಿಸಿಡುವ ಪೈಥಾನಿನ ಪಟ್ಟಿಯಲ್ಲಿ, ಇರುತ್ತವೆ. ಪ್ರೋಗ್ರಾಂ ನಿಂತೊಡನೆ ಮೆಮೊರಿಯಲ್ಲಿದ್ದುದೆಲ್ಲ ಹೋಗುವುದರಿಂದ, ಅದನ್ನು ಜೇಸನ್ (JSON) ಎಂಬ ಪಠ್ಯರೂಪದಲ್ಲಿ ಫೈಲಿಗೆ ಬರೆದಿಟ್ಟು, ಮುಂದಿನ ಸಲ ಆ ಫೈಲನ್ನು ಓದಿ, ನಾಯಕನನ್ನು ಬಿಟ್ಟ ಸ್ಥಿತಿಯಲ್ಲಿಯೇ ಮತ್ತೆ ನಿಲ್ಲಿಸಬೇಕು. ತೆರೆಯ ಮೇಲಿನ ಎರಡು ಗುಂಡಿಗಳಿಗೆ ಸದ್ಯಕ್ಕೆ ‘ಪಾತ್ರವನ್ನು ಉಳಿಸು’, ‘ಪಾತ್ರವನ್ನು ಹಿಂಪಡೆ’ ಎಂದೂ, ಪಾಠದ ಶೀರ್ಷಿಕೆಗೆ ‘ದತ್ತಾಂಶ ಉಳಿಕೆ’ ಎಂದೂ ಬರೆದಿದ್ದೇನೆ. ಮೂರೂ ನನಗೆ ಒಪ್ಪಿಗೆಯಾಗಿಲ್ಲ. ಹಳೆಯ ಫೈಲನ್ನು ಅಳಿಸುವ ಇನ್ನೊಂದು ಗುಂಡಿಯೂ ಪಕ್ಕದಲ್ಲಿಯೇ ಇದೆ.

ಮೊದಲ ಉತ್ತರ

‘ದತ್ತಾಂಶ ಉಳಿಕೆ’ ಅರಿಸಮಾಸ, ಎಂದರೆ ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಬೆಸೆದ ದೋಷದ ಸಮಾಸ. ವೈಯಾಕರಣ ಕೇಶಿರಾಜನು 13ನೆಯ ಶತಮಾನದಲ್ಲಿಯೇ ತಡೆದದ್ದನ್ನು ಮಕ್ಕಳ ಪುಸ್ತಕದ ಮೂಲಕ ಒಳಗೆ ಬಿಡಬಾರದು. ‘ಉಳಿಸು’ ಹಣ ಉಳಿತಾಯಕ್ಕೆ ಸಲ್ಲುವ ಮಾತು. ಇಲ್ಲಿ ಬೇಕಾದದ್ದು ‘ಕಾಪಿಡು’. ‘ಲೋಡ್’ ಎಂಬುದಕ್ಕೆ ‘ಹೇರು’ ಎಂಬ ಅಚ್ಚಗನ್ನಡ ಪದವಿದೆ. ಕಿಟ್ಟೆಲ್ಲರ 1894ರ ಕನ್ನಡ-ಇಂಗ್ಲಿಷ್ ಕೋಶವನ್ನು ತೆರೆದು ನೋಡಬಹುದು. ಇದರ ಮೇಲೆ ಚರ್ಚೆಗೆ ಅವಕಾಶವಿದೆಯೆಂದು ನನಗೆ ತೋರುವುದಿಲ್ಲ.

ಎರಡನೆಯ ಉತ್ತರ

ಚರ್ಚೆಗೆ ಅವಕಾಶ ಬೇಕಾದಷ್ಟಿದೆ. ಅರಿಸಮಾಸದ ವಿಷಯವನ್ನು ಮೊದಲು ಮುಗಿಸುತ್ತೇನೆ: ಶೀರ್ಷಿಕೆಯ ಮಟ್ಟಿಗೆ ಆಕ್ಷೇಪ ಸರಿಯಾದದ್ದೇ, ಆದರೆ ಎರಡನೆಯ ಪದ ಕ್ರಿಯಾಪದವಾಗಿರುವ ಕ್ರಿಯಾಸಮಾಸಕ್ಕೆ ಆ ದೋಷ ತಟ್ಟುವುದಿಲ್ಲವಾದ್ದರಿಂದ ‘ವಿವರ ಉಳಿಸು’ ಎಂದು ಬರೆದರೆ ಯಾವ ವೈಯಾಕರಣನೂ ಬಾಯಿ ತೆರೆಯಬೇಕಾಗಿಲ್ಲ.

‘ಹೇರು’ ಕೋಶದಲ್ಲಿದೆ, ನಿಜ. ಎತ್ತಿನ ಬೆನ್ನಿಗೆ, ಗಾಡಿಗೆ ಹೊರೆ ಏರಿಸುವುದೇ ಅದರ ಮೂಲಾರ್ಥ. ಆದರೆ ಬೆಂಗಳೂರಿನ ಹದಿಮೂರು ವರ್ಷದ ಮಗುವಿನ ಕಿವಿಗೆ ಆ ಪದ ಯಾವ ಅರ್ಥದಲ್ಲಿ ಬಿದ್ದಿದೆ ಎಂಬುದನ್ನೂ ಕೇಳಿಕೊಳ್ಳಬೇಕು. 2017ರಲ್ಲಿ ನಮ್ಮ ಮೆಟ್ರೋ ಫಲಕಗಳಲ್ಲಿನ ಹಿಂದಿಯ ವಿರುದ್ಧ ದನಿಯೆದ್ದಂದಿನಿಂದ ಊರಿನ ಗೋಡೆಗಳ ಮೇಲೂ ಮೊಬೈಲುಗಳಲ್ಲಿಯೂ ಕಾಣುವ ಪದ ‘ಹೇರಿಕೆ’. ಬೇಡದ್ದನ್ನು ಬಲವಂತದಿಂದ ತಲೆಯ ಮೇಲೆ ಹಾಕುವುದು ಎಂಬುದೇ ಇಂದು ಅದರ ಮುಖ್ಯಾರ್ಥವಾಗಿದೆ. ‘ಪಾತ್ರವನ್ನು ಹೇರು’ ಎಂಬ ಗುಂಡಿಯನ್ನು ಒತ್ತುವ ಮಗು ಯಾರ ಮೇಲೆ ಹೇರುತ್ತಿದ್ದೇನೆ ಎಂದು ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ.

‘ಹಿಂಪಡೆ’ ಎಂಬುದಕ್ಕೆ ನನ್ನ ಆಕ್ಷೇಪ ಇದಕ್ಕಿಂತ ದೊಡ್ಡದು, ಏಕೆಂದರೆ ಅದು ಪಾಠವನ್ನೇ ತಪ್ಪಾಗಿ ಕಲಿಸುತ್ತದೆ. ಬ್ಯಾಂಕಿನಿಂದ ಹಣ ಹಿಂಪಡೆದರೆ ಖಾತೆಯಲ್ಲಿ ಅಷ್ಟು ಕಡಿಮೆಯಾಗುತ್ತದೆ. ನಾಮಪತ್ರ ಹಿಂಪಡೆದರೆ ಅಭ್ಯರ್ಥಿ ಕಣದಲ್ಲಿ ಉಳಿಯುವುದಿಲ್ಲ. ಫೈಲಿನ ವಿಷಯದಲ್ಲಿ ಆಗುವುದು ಹಾಗಲ್ಲ. ಅದನ್ನು ಓದಿ ಮೆಮೊರಿಯಲ್ಲಿ ಇನ್ನೊಂದು ಪ್ರತಿಯನ್ನು ಕಟ್ಟಿಕೊಂಡ ಮೇಲೂ ಫೈಲು ಇದ್ದಂತೆಯೇ ಇರುತ್ತದೆ, ನೂರು ಸಲ ಓದಿದರೂ ಅದರಲ್ಲಿ ಒಂದಕ್ಷರವೂ ಸವೆಯುವುದಿಲ್ಲ. ಆಮೇಲೆ ನಾಯಕ ಚಿನ್ನ ಗಳಿಸಿದರೆ ಮೆಮೊರಿಯಲ್ಲಿನ ಸಂಖ್ಯೆ ಮಾತ್ರ ಬದಲಾಗುತ್ತದೆ. ಮತ್ತೆ ಉಳಿಸುವವರೆಗೂ ಫೈಲಿನಲ್ಲಿ ಹಳೆಯ ಸಂಖ್ಯೆಯೇ ಇರುತ್ತದೆ. ಹೊಸಬರು ಎಡವುವುದೇ ಇಲ್ಲಿ. ಪದವೇ ಎಡವುಗಲ್ಲಾಗಬಾರದು.

ಇನ್ನು ‘ಉಳಿಸು’. ಇದು ಹಣಕ್ಕೆ ಮಾತ್ರ ಸಲ್ಲುತ್ತದೆ ಎಂಬ ಮಾತನ್ನು ಒಪ್ಪಲಾಗದು. ಮಾನ ಉಳಿಸುತ್ತೇವೆ, ಹೆಸರು ಉಳಿಸುತ್ತೇವೆ, ನೆನಪು ಉಳಿಸಿಕೊಳ್ಳುತ್ತೇವೆ. ಕನ್ನಡದ ತಂತ್ರಾಂಶಗಳಲ್ಲಿಯೂ ಈ ಪದ ಆಗಲೇ ನೆಲೆಯೂರಿದೆ. ನಿಜವಾದ ತೊಡಕು ಬೇರೆ ಕಡೆಯಿದೆ. ಆಟದ ನಾಯಕನಿಗೆ ಜೀವಬಲವಿದೆ, ಎದುರಿಗೆ ರಾಕ್ಷಸನಿದ್ದಾನೆ, ಬಲ 100ರಿಂದ 5ಕ್ಕೆ ಇಳಿದಿದೆ. ಆ ಹೊತ್ತಿನಲ್ಲಿ ತೆರೆಯ ಮೂಲೆಯಲ್ಲಿ ‘ಪಾತ್ರವನ್ನು ಉಳಿಸು’ ಎಂಬ ಗುಂಡಿ ಕಂಡರೆ, ಒತ್ತಿದೊಡನೆ ನಾಯಕನ ಪ್ರಾಣ ಉಳಿಯುತ್ತದೆಯೆಂದೇ ಮಗು ತಿಳಿಯುತ್ತದೆ. ಒತ್ತಿದ ಮೇಲೆ ಆಗುವುದೇನೆಂದರೆ, 5 ಎಂಬ ದುರ್ಬಲ ಸ್ಥಿತಿಯೇ ಫೈಲಿನಲ್ಲಿ ಕುಳಿತು, ಅದರ ಹಿಂದಿನ ಒಳ್ಳೆಯ ಸ್ಥಿತಿ ಅಳಿಸಿಹೋಗುತ್ತದೆ. ಆದ್ದರಿಂದ ಉಳಿಯುವುದು ಏನು ಎಂಬುದನ್ನು ಗುಂಡಿಯೇ ಹೇಳಬೇಕು: ‘ಆಟ ಉಳಿಸು’. ಕ್ರಿಯಾಪದಕ್ಕೆ ಸರಿಯಾದ ಕರ್ಮ ದೊರೆತರೆ ಸಾಕು, ಹೊಸ ಪದವನ್ನು ಟಂಕಿಸಬೇಕಾಗಿಲ್ಲ.

ಪಕ್ಕದಲ್ಲಿ ಅಳಿಸುವ ಗುಂಡಿಯಿದೆಯೆಂದು ತಾವು ಬರೆದಿರುವುದು ನನಗೆ ಹೆಚ್ಚು ಆತಂಕ ತಂದಿದೆ. ‘ಉಳಿಸು’, ‘ಅಳಿಸು’ ಎಂಬ ಎರಡು ಪದಗಳಿಗೆ ಮೊದಲ ಅಕ್ಷರವೊಂದೇ ವ್ಯತ್ಯಾಸ, ಅರ್ಥವೋ ತೀರ ವಿರುದ್ಧ. ಸಣ್ಣ ಅಕ್ಷರದಲ್ಲಿ, ಅವಸರದಲ್ಲಿ ಆಡುವ ಮಗುವಿನ ಕಣ್ಣಿಗೆ ‘ಅ’ ಮತ್ತು ‘ಉ’ ಒಂದೇ ಆಗಿ ಕಂಡರೆ ಒಂದು ವಾರದ ಆಟ ಹೋದಂತೆಯೇ. ‘ಅಳಿಸು’ ಎಂಬುದನ್ನು ದಯವಿಟ್ಟು ‘ತೆಗೆದುಹಾಕು’ ಎಂದು ಬದಲಾಯಿಸಿ. ಗುಂಡಿಯ ಮೇಲೆ ‘ಉಳಿಸಿ’ ಎಂದು ಬಹುವಚನ ಮಾಡಲು ಹೊರಡುವವರೂ ಇರುತ್ತಾರೆ. ಅಲ್ಲಿ ಆಡುವವನು ಯಂತ್ರಕ್ಕೆ ಅಪ್ಪಣೆ ಕೊಡುತ್ತಿರುವುದರಿಂದ ‘ಉಳಿಸು’ ಎಂಬುದೇ ಸರಿ, ಯಂತ್ರವು ಆಡುವವನನ್ನು ಕೇಳುವಾಗ ‘ಹೆಸರು ಕೊಡಿ’ ಎಂಬ ಗೌರವ ಸಲ್ಲಲಿ.

‘ಲೋಡ್’ ಎಂಬುದಕ್ಕೆ ನನ್ನ ಸಲಹೆ: ಗುಂಡಿಯಲ್ಲಿ ‘ಉಳಿಸಿದ ಆಟ ತೆರೆ’; ಪಾಠದ ವಿವರಣೆಯಲ್ಲಿ ‘ಫೈಲಿನಿಂದ ಓದಿಕೊ’. ‘ಕೊಳ್ಳು’ ಎಂಬ ಸಹಾಯಕ್ರಿಯೆಯು, ಓದಿದ್ದು ಪ್ರೋಗ್ರಾಮಿನ ಬಳಿ ಸೇರಿತು ಎಂಬುದನ್ನೂ ಫೈಲಿನಿಂದ ಏನನ್ನೂ ಕಿತ್ತುಕೊಳ್ಳಲಿಲ್ಲ ಎಂಬುದನ್ನೂ ಒಟ್ಟಿಗೆ ಹೇಳುತ್ತದೆ. ಇಂಗ್ಲಿಷಿನ ‘ಕ್ಯಾರೆಕ್ಟರ್’ ಆಟದಲ್ಲಿ ಪಾತ್ರವೂ ಹೌದು, ಸ್ಟ್ರಿಂಗಿನಲ್ಲಿ (ಪ್ರೋಗ್ರಾಮಿನ ಅಕ್ಷರಸಾಲಿನಲ್ಲಿ) ಅಕ್ಷರವೂ ಹೌದು. ಅನುವಾದ ಯಂತ್ರದ ನೆರವು ಪಡೆದಿದ್ದರೆ ‘ಅಕ್ಷರದ ಜೀವಬಲ’ ಎಂದು ಎಲ್ಲಾದರೂ ನುಸುಳಿದೆಯೇ ಎಂದು ಪ್ರತಿ ಪುಟವನ್ನೂ ನೋಡಿ.

ಮೂರನೆಯ ಉತ್ತರ

ಇಷ್ಟೆಲ್ಲ ಬರೆದವರು ‘ಫೈಲು’ ಎಂಬುದನ್ನು ಮುಟ್ಟದೆ ಬಿಟ್ಟದ್ದು ನನಗೆ ಅರ್ಥವಾಗಲಿಲ್ಲ. ‘ಕಡತ’ ಎಂಬ ಪದವಿರುವಾಗ ಫೈಲು ಏಕೆ? ಬಟ್ಟೆಗೆ ಅಂಟು, ಇದ್ದಿಲ ಪುಡಿ ಬಳಿದು ಕಪ್ಪಾಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದ ಪುಸ್ತಕವೇ ಕಡತ. ಬರೆದದ್ದನ್ನು ಒರೆಸಿ ಅದೇ ಮಡಿಕೆಯಲ್ಲಿ ಹೊಸದನ್ನು ಬರೆಯಬಹುದಿತ್ತು. ಪೈಥಾನಿನಲ್ಲಿ ‘ಬರೆಯುವ’ ಬಗೆಯಲ್ಲಿ (ರೈಟ್ ಮೋಡ್) ಫೈಲನ್ನು ತೆರೆದೊಡನೆ ಹಿಂದಿದ್ದುದೆಲ್ಲ ಒರೆಸಿಹೋಗುತ್ತದೆ. ಕಡತದ ಗುಣವೂ ಅದೇ. ಓಲೆಗರಿಗೆ ಈ ಗುಣವಿಲ್ಲ, ಕಾಗದಕ್ಕೂ ಇಲ್ಲ. ಇಂಥ ಪದವನ್ನು ಸರ್ಕಾರಿ ಕಚೇರಿಗೆ ಬಿಟ್ಟುಕೊಟ್ಟು ಎರವಲಿನ ಹಿಂದೆ ಓಡುವುದು ನಮ್ಮ ಅಸಡ್ಡೆ.

ಮತ್ತೆ ಮೊದಲನೆಯವರು

ಕಡತದ ವಿಷಯದಲ್ಲಿ ಸಂಪೂರ್ಣ ಸಮ್ಮತಿಯಿದೆ. ‘ಹೇರು’ ಎಂಬುದನ್ನು ರಾಜಕೀಯದವರು ಕೆಡಿಸಿದರೆಂದು ಭಾಷೆಯಿಂದ ಹೊರಹಾಕುವುದನ್ನು ಒಪ್ಪುವುದಿಲ್ಲ. ಹೀಗೆಯೇ ಒಂದೊಂದಾಗಿ ಬಿಡುತ್ತ ಹೋದರೆ ಕೊನೆಗೆ ‘ಲೋಡ್’ ಒಂದೇ ಗತಿ.

ಎರಡನೆಯವರು

‘ಲೋಡು’ ಎಂಬುದನ್ನು ಗತಿಯೆನ್ನುವುದೂ ಬೇಡ. ಯಶವಂತಪುರದ ಮಾರುಕಟ್ಟೆಯಲ್ಲಿ ಈರುಳ್ಳಿ ಮೂಟೆ ಹೊರುವ ಹಮಾಲಿ ‘ಎರಡು ಲೋಡು ಬಂತು’ ಎನ್ನುವಾಗ ಅವನಾಡುವುದು ಕನ್ನಡವೇ. ಕಾಗದ, ಅರ್ಜಿ, ಜಮೆ ಇವುಗಳ ಊರನ್ನು ನಾವು ಈಗ ವಿಚಾರಿಸುತ್ತಿಲ್ಲ. ಕಡತದ ವಿವರಣೆ ನನಗೆ ಬಹಳ ಇಷ್ಟವಾಯಿತು, ಅದು ಪಾಠದಲ್ಲಿ ಬರಲೇಬೇಕು. ಆದರೆ ಕಂಪ್ಯೂಟರಿನ ಮುಂದೆ ಕುಳಿತ ಮಕ್ಕಳು ‘ಫೈಲು’ ಎಂದೇ ಹುಡುಕುತ್ತಾರೆ. ಮೊದಲ ಸಲ ಎರಡೂ ಪದಗಳನ್ನು ಕೊಟ್ಟು ಮುಂದೆ ಒಂದನ್ನೇ ಬಳಸಿ. ಯಾವುದನ್ನು ಬಳಸಬೇಕೆಂಬುದು ಕಲಿಸುವವರ ತೀರ್ಮಾನ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ಗುಂಡಿಗಳು ‘ಆಟ ಉಳಿಸು’, ‘ಉಳಿಸಿದ ಆಟ ತೆರೆ’, ‘ತೆಗೆದುಹಾಕು’ ಎಂದಾಗಿವೆ. ಪಾಠದ ಶೀರ್ಷಿಕೆ ‘ಪಾತ್ರದ ವಿವರಗಳನ್ನು ಉಳಿಸುವುದು, ಓದಿಕೊಳ್ಳುವುದು’. ಕಡತದ ವಿವರಣೆಯನ್ನು ಫೈಲು ಮೊದಲು ಬರುವ ಪುಟದ ಬದಿಯಲ್ಲಿ ಪೆಟ್ಟಿಗೆಯಾಗಿ ಸೇರಿಸಿದ್ದೇನೆ, ಬಳಕೆಯಲ್ಲಿ ‘ಫೈಲು’ ಉಳಿಸಿಕೊಂಡಿದ್ದೇನೆ. ಇನ್ನೊಂದು ವಾಕ್ಯ ಬಾಕಿಯಿದೆ: ಮೊದಲ ಸಲ ಆಡುವಾಗ ಫೈಲೇ ಇರುವುದಿಲ್ಲವಾದ್ದರಿಂದ ಪೈಥಾನ್ ದೋಷ ತೋರಿಸಿ ನಿಲ್ಲುತ್ತದೆ, ಅದನ್ನು ತಡೆದು ತೋರಿಸುವ ಸೂಚನೆಗೆ ‘ಉಳಿಸಿದ ಆಟ ಇಲ್ಲ. ಹೊಸ ಆಟ ಆರಂಭಿಸಲೇ?’ ಎಂದು ಬರೆದಿದ್ದೇನೆ. ಗುರುವಾರ ಸಂಜೆಯೊಳಗೆ ಆಕ್ಷೇಪ ಬಾರದಿದ್ದರೆ ಹಾಗೆಯೇ ಅಚ್ಚಿಗೆ ಕಳಿಸುತ್ತೇನೆ.