ಪದಚರ್ಚೆ: ಮನೆ ಅಲಾರಾಂನ ‘ಆರ್ಮ್’, ‘ಸ್ಟೇ’, ‘ಡಿಲೇ’, ‘ಬೈಪಾಸ್’ಗೆ ಕನ್ನಡದಲ್ಲಿ ಏನು ಬರೆಯೋಣ?

ಪ್ರಶ್ನೆ, ಕೊಪ್ಪಳದಿಂದ

ಎಲ್ಲರಿಗೂ ನಮಸ್ಕಾರ. ಮನೆಗೆ ಹಾಕಿಸುವ ಕಳ್ಳತನದ ಅಲಾರಾಂ ಪ್ಯಾನೆಲ್‌ಗೆ ಕನ್ನಡದಲ್ಲಿ ಒಂದು ಕಾರ್ಡ್ ತಯಾರಾಗುತ್ತಿದೆ. ಕೀಪ್ಯಾಡ್ ಪಕ್ಕದ ಗೋಡೆಗೆ ಅಂಟಿಸುವಂಥದ್ದು, ಅಂಗೈ ಅಗಲದ್ದು. ಇದರ ಜೊತೆ ವೈರಿಂಗ್ ಮಾಡುವವರಿಗೆ ಎರಡು ಪುಟದ ಕೈಪಿಡಿಯೂ ಇದೆ. ಕಾರ್ಡ್ ಓದುವವರು ಕೊಪ್ಪಳ, ಗಂಗಾವತಿ, ಕುಷ್ಟಗಿ ಕಡೆಯ ಮನೆಮಂದಿ. ವಯಸ್ಸಾದವರು, ಮನೆಗೆಲಸಕ್ಕೆ ಬರುವವರು ಎಲ್ಲರೂ ಓದಿದ ಕೂಡಲೇ ಯಾವ ಗುಂಡಿ ಒತ್ತಬೇಕು ಎಂದು ತಿಳಿಯಬೇಕು.

ಪ್ಯಾನೆಲ್ ಜೊತೆಗಿನ ಆ್ಯಪ್‌ನಲ್ಲಿ ಕನ್ನಡ ಇದೆ, ಆದರೆ ಯಂತ್ರ ಮಾಡಿದ ಅನುವಾದ. ‘ಆರ್ಮ್’ಗೆ (ಯಾರಾದರೂ ನುಗ್ಗಿದರೆ ಸೈರನ್ ಹೊಡೆಯುವಂತೆ ಇಡುವುದು) ‘ಸಶಸ್ತ್ರ’, ಅದನ್ನು ತೆಗೆಯುವ ‘ಡಿಸಾರ್ಮ್’ಗೆ ‘ನಿಶ್ಶಸ್ತ್ರಗೊಳಿಸಿ’, ‘ಎಂಟ್ರಿ ಡಿಲೇ’ಗೆ (ಬಾಗಿಲು ತೆರೆದ ಮೇಲೆ ಪಿನ್ ಒತ್ತಲು ಸಿಗುವ ಸಮಯ) ‘ಪ್ರವೇಶ ವಿಳಂಬ’, ‘ಎಂಡ್ ಆಫ್ ಲೈನ್ ರೆಸಿಸ್ಟರ್’ಗೆ ‘ಸಾಲಿನ ಅಂತ್ಯ ಪ್ರತಿರೋಧಕ’ ಎಂದಿದೆ. ಆರ್ಮ್, ಡಿಸಾರ್ಮ್‌ಗೆ ಸುಮ್ಮನೆ ‘ಆನ್’, ‘ಆಫ್’ ಅಂದರೆ ಸಾಕಾಗುತ್ತದೆಯೇ? ‘ಸ್ಟೇ’, ‘ಅವೇ’ ಎರಡನ್ನೂ ಹೇಗೆ ಬೇರೆ ಮಾಡುವುದು? ಝೋನ್ (ಪ್ಯಾನೆಲ್‌ಗೆ ಬರುವ ಒಂದೊಂದು ಸೆನ್ಸರ್ ಲೈನ್), ಬೈಪಾಸ್, ಮಾಸ್ಟರ್ ಕೋಡ್, ಡ್ಯುರೆಸ್ ಕೋಡ್ ಇವನ್ನು ಇದ್ದ ಹಾಗೇ ಬಿಡಬಹುದೇ? ತಿಳಿದವರು ದಯವಿಟ್ಟು ಹೇಳಿ.

ಉತ್ತರ, ಬಳ್ಳಾರಿಯಿಂದ

ನಮಸ್ಕಾರ ಮೇಡಂ. ‘ಆನ್’, ‘ಆಫ್’ ಬೇಡವೇ ಬೇಡ. ಬಾಯಿಮಾತಿನಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ, ಆದರೆ ಪ್ಯಾನೆಲ್ ಯಾವತ್ತೂ ಆಫ್ ಆಗುವುದಿಲ್ಲ. ಡಿಸಾರ್ಮ್ ಮಾಡಿದಾಗ ಬಾಗಿಲು ತೆರೆದದ್ದನ್ನು ಹಿಡಿಯುವ ಮ್ಯಾಗ್ನೆಟ್ ಕಾಂಟ್ಯಾಕ್ಟ್, ಓಡಾಟ ಹಿಡಿಯುವ ಪಿಐಆರ್ ಸೆನ್ಸರ್ ಇವೆರಡಕ್ಕೆ ಸೈರನ್ ಹೊಡೆಯುವುದಿಲ್ಲ, ಅಷ್ಟೇ. ಹೊಗೆ ಸೆನ್ಸರ್, ಪ್ಯಾನಿಕ್ ಬಟನ್, ಡಬ್ಬಿ ಬಿಚ್ಚಿದರೆ ಗೊತ್ತಾಗುವ ಟ್ಯಾಂಪರ್ ಸ್ವಿಚ್ ಇವು 24 ತಾಸೂ ಎಚ್ಚರವಿರುವ ಝೋನ್‌ಗಳು. ‘ಆಫ್ ಆಗಿದೆ’ ಎಂದು ಓದಿಕೊಂಡು ಬಣ್ಣ ಬಳಿಯುವವರು ಸೈರನ್ ಡಬ್ಬಿಯ ಮುಚ್ಚಳ ತೆಗೆದರೆ ಇಡೀ ಓಣಿ ಹೊರಗೆ ಬರುತ್ತದೆ.

‘ಬಂದ್ ಮಾಡಿ’ ಎಂಬುದೂ ಅಪಾಯ. ನಮ್ಮ ಕಡೆ ಬಾಗಿಲು ಹಾಕುವುದಕ್ಕೂ ಬಂದ್, ಸ್ವಿಚ್ ಆರಿಸುವುದಕ್ಕೂ ಬಂದ್. ಸೈರನ್ ಹೊಡೆಯುತ್ತಿರುವಾಗ ಈ ಮಾತು ಕಂಡರೆ ಜನ ಓಡಿಹೋಗಿ ಮೇನ್ ಸ್ವಿಚ್ ಇಳಿಸುತ್ತಾರೆ. ಪ್ಯಾನೆಲ್ ಒಳಗೆ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಇರುತ್ತದಲ್ಲ, ಸೈರನ್ ನಿಲ್ಲುವುದಿಲ್ಲ. ನಿಲ್ಲಿಸಲು ಪಿನ್ ಒತ್ತಬೇಕು.

‘ಸಶಸ್ತ್ರ’ ಪೊಲೀಸ್ ಮೀಸಲು ಪಡೆಯ ಹೆಸರಿನಲ್ಲಿ ಇರಲಿ. ಇಲ್ಲಿಗೆ ‘ಕಾವಲು’ ಹೊಂದುತ್ತದೆ: ‘ಕಾವಲಿಗೆ ಇಡಿ’, ‘ಕಾವಲು ತೆಗೆಯಿರಿ’. ಕಾವಲು ತೆಗೆದ ಮೇಲೂ ಮನೆ ಮನೆಯಾಗಿಯೇ ಇರುತ್ತದೆ, ಪ್ಯಾನೆಲ್ ಎಚ್ಚರವಾಗಿಯೇ ಇರುತ್ತದೆ. ಆ ಅರ್ಥ ಈ ಮಾತಿನಲ್ಲಿ ಉಳಿದುಕೊಳ್ಳುತ್ತದೆ.

ಸ್ಟೇ, ಅವೇಗೆ ಕೆಲವರು ‘ಒಳ ಕಾವಲು’, ‘ಹೊರ ಕಾವಲು’ ಎಂದು ಬರೆಯುತ್ತಾರೆ. ಅದು ಎರಡೂ ಕಡೆಗೆ ಎಳೆಯುತ್ತದೆ. ಸ್ಟೇಯಲ್ಲಿ ಕಾವಲು ಇರುವುದು ಹೊರಗಿನ ಬಾಗಿಲು, ಕಿಟಕಿಗೆ; ಒಳಗಿನ ಪಿಐಆರ್ ಸುಮ್ಮನಿರುತ್ತದೆ, ಏಕೆಂದರೆ ಜನ ಒಳಗಿದ್ದಾರೆ. ಹಾಗಾದರೆ ಅದು ಒಳ ಕಾವಲೋ, ಹೊರ ಕಾವಲೋ? ಜನರ ಕಡೆಯಿಂದ ಹೇಳಿಬಿಡಿ: ‘ಮನೆಯಲ್ಲಿದ್ದೇವೆ’, ‘ಮನೆಯಲ್ಲಿ ಯಾರೂ ಇಲ್ಲ’. ಒತ್ತುವವರಿಗೆ ಗೊತ್ತಿರುವುದು ತಾವು ಎಲ್ಲಿದ್ದೇವೆ ಎಂಬುದು, ಯಾವ ಸೆನ್ಸರ್ ಎಚ್ಚರವಿದೆ ಎಂಬುದಲ್ಲ.

‘ನೈಟ್’ ಎಂಬ ಮೂರನೆಯ ಗುಂಡಿ ಇದ್ದರೆ ‘ರಾತ್ರಿ’ ಎಂದಷ್ಟೇ ಬರೆಯಬೇಡಿ. ಕೆಲವು ಪ್ಯಾನೆಲ್‌ಗಳಲ್ಲಿ ಇದು ಎಂಟ್ರಿ ಡಿಲೇಯನ್ನೇ ತೆಗೆದುಹಾಕುತ್ತದೆ. ಬಾಗಿಲು ತೆರೆದ ಕ್ಷಣಕ್ಕೆ ಸೈರನ್. ಏಪ್ರಿಲ್, ಮೇನಲ್ಲಿ ಮಾಳಿಗೆ ಮೇಲೆ ಮಲಗುವ ಮನೆಗಳಲ್ಲಿ ನಡುರಾತ್ರಿ ನೀರು ಕುಡಿಯಲು ಮೆಟ್ಟಿಲ ಬಾಗಿಲು ತೆರೆದವರೇ ಸಿಕ್ಕಿಬೀಳುತ್ತಾರೆ. ಅಂಥ ಮನೆಯಲ್ಲಿ ‘ಮನೆಯಲ್ಲಿದ್ದೇವೆ’ ಒತ್ತಿ, ಮೆಟ್ಟಿಲ ಬಾಗಿಲನ್ನು ಡಿಲೇ ಝೋನ್ ಆಗಿ ಇಡುವುದು ಸರಿ. ಆದರೆ ಕೆಳಗೆ ಬಂದವರ ಕೈಗೆ ಕೀಪ್ಯಾಡ್ ಬೇಗ ಸಿಗಬೇಕು.

‘ವಿಳಂಬ’ ಅಂದರೆ ಯಾರೋ ತಡ ಮಾಡಿದರು ಎಂಬ ದೂರು ಕೇಳಿಸುತ್ತದೆ. ಇದು ಮನೆಯವರಿಗೆ ಕೊಟ್ಟ ಸಮಯ, ಆದ್ದರಿಂದ ‘ಗಡುವು’ ಅನ್ನಿ. ಹೊರಹೋಗುವ ಗಡುವು 60 ಸೆಕೆಂಡ್, ಒಳಬರುವ ಗಡುವು 30 ಸೆಕೆಂಡ್ ಇಟ್ಟರೆ ಬಹುತೇಕ ಮನೆಗೆ ಸಾಕು. ಮೊಣಕಾಲು ನೋವಿನ ಹಿರಿಯರು ಇದ್ದರೆ ಅವರ ನಡಿಗೆಯಲ್ಲೇ ತಲಬಾಗಿಲಿಂದ ಕೀಪ್ಯಾಡ್‌ವರೆಗೆ ಅಳೆದು, 10 ಸೆಕೆಂಡ್ ಸೇರಿಸಿ. ಯುರೋಪಿನ ಇಎನ್ 50131 ಮಾನದಂಡ ಒಳಬರುವ ಗಡುವಿಗೆ 45 ಸೆಕೆಂಡಿನ ಮಿತಿ ಹಾಕಿದೆ. ಅದಕ್ಕಿಂತ ಹೆಚ್ಚು ಕೊಟ್ಟರೆ ಕಳ್ಳನಿಗೂ ಅಷ್ಟೇ ಸಮಯ ಸಿಗುತ್ತದೆ. ಇನ್ನೊಂದು: ತಲಬಾಗಿಲಿಗೆ ಗಡುವು ಕೊಟ್ಟು ಪಡಸಾಲೆಯ ಪಿಐಆರ್ ಅನ್ನು ‘ಇನ್‌ಸ್ಟಂಟ್’ (ಗಡುವಿಲ್ಲದೆ ತಕ್ಷಣ ಕೂಗುವಂತೆ) ಇಟ್ಟರೆ ಕೀಪ್ಯಾಡ್ ಮುಟ್ಟುವ ಮೊದಲೇ ಸೈರನ್ ಹೊಡೆಯುತ್ತದೆ. ಆ ಪಿಐಆರ್ ‘ಫಾಲೋಯರ್’ ಆಗಿರಬೇಕು. ತಲಬಾಗಿಲು ಮೊದಲು ತೆರೆದಿದ್ದರೆ ಗಡುವು ಪಾಲಿಸುತ್ತದೆ, ಕಿಟಕಿಯಿಂದ ಇಳಿದು ನೇರ ಪಡಸಾಲೆಗೆ ಬಂದವರಿಗೆ ತಕ್ಷಣ ಕೂಗುತ್ತದೆ. ಕೈಪಿಡಿಯಲ್ಲಿ ಇದನ್ನು ‘ದಾರಿಯ ಝೋನ್’ ಅನ್ನಬಹುದು.

ಝೋನ್ ಹಾಗೇ ಇರಲಿ. ‘ವಲಯ’ ಅರಣ್ಯ ಇಲಾಖೆಯ ಅಳತೆಯ ಪದ. ಇಲ್ಲಿ ಒಂದು ಝೋನ್ ಅಂದರೆ ಒಂದೇ ಬಾಗಿಲು ಇರಬಹುದು. ಕಾರ್ಡ್ ಮೇಲೆ ಜಾಗದ ಹೆಸರೇ ಬರಲಿ: 1 ತಲಬಾಗಿಲು, 2 ಪಡಸಾಲೆ, 3 ಹಿತ್ತಲ ಬಾಗಿಲು, 4 ಮಾಳಿಗೆ ಮೆಟ್ಟಿಲು. ಬೈಪಾಸ್ ಅಂದರೆ ನಮ್ಮ ಜಿಲ್ಲೆಗಳಲ್ಲಿ ಊರ ಹೊರಗಿನ ರಸ್ತೆ. ಇಲ್ಲಿ ಅರ್ಥ ಒಂದು ಝೋನ್ ಬಿಟ್ಟು ಉಳಿದದ್ದಕ್ಕೆ ಕಾವಲು ಇಡುವುದು, ಆದ್ದರಿಂದ ‘ಈ ಸಲ ಬಿಡು’ ಎಂದು ಬರೆಯಿರಿ. ‘ಈ ಸಲ’ ಬಿಟ್ಟುಹೋಗಬಾರದು: ಬಹುತೇಕ ಪ್ಯಾನೆಲ್‌ಗಳಲ್ಲಿ ಕಾವಲು ತೆಗೆದ ಕೂಡಲೇ ಬೈಪಾಸ್ ಅಳಿಯುತ್ತದೆ, ಮರುದಿನ ಮತ್ತೆ ಹಾಕಬೇಕು.

‘ಸಾಲಿನ ಅಂತ್ಯ’ವನ್ನು ಓದಿದರೆ ಆರ್ಥಿಕ ವರ್ಷ ಮುಗಿಯಿತೇನೋ ಅನಿಸುತ್ತದೆ. ‘ವೈರ್ ತುದಿಯ ರೆಸಿಸ್ಟರ್’ ಅಂದರೆ ಎಲೆಕ್ಟ್ರಿಷಿಯನ್‌ಗೆ ಹೆಸರಿನಲ್ಲೇ ಸೂಚನೆ ಸಿಗುತ್ತದೆ. ವೈರ್ ಸರಿಯಿದೆಯೇ ಎಂದು ಪ್ಯಾನೆಲ್ ಅಳೆದು ನೋಡುವುದು ಈ ರೆಸಿಸ್ಟರ್‌ನಿಂದಲೇ; ಅದು ಸೆನ್ಸರ್ ಹತ್ತಿರದ ತುದಿಯಲ್ಲಿರಬೇಕು. ಕೆಲಸ ಸುಲಭವಾಗಲೆಂದು ಪ್ಯಾನೆಲ್ ಡಬ್ಬಿಯೊಳಗೇ ಕಟ್ಟಿದರೆ, ನಡುವೆ ಯಾರಾದರೂ ಎರಡು ವೈರ್ ಸುಲಿದು ಒಂದಕ್ಕೊಂದು ಸೇರಿಸಿದಾಗ ಪ್ಯಾನೆಲ್‌ಗೆ ಬಾಗಿಲು ಮುಚ್ಚಿದಂತೆಯೇ ಕಾಣುತ್ತದೆ. ಎಷ್ಟು ಓಮ್ ಎಂಬುದು ಪ್ಯಾನೆಲ್‌ಗೆ ತಕ್ಕಂತೆ ಬೇರೆ. ಹಳೆಯ ಪ್ಯಾನೆಲ್‌ನಿಂದ ಬಿಚ್ಚಿದ್ದನ್ನು ಹೊಸದಕ್ಕೆ ಹಾಕಬಾರದು.

ಉತ್ತರ, ರಾಯಚೂರಿನಿಂದ

ಬಳ್ಳಾರಿಯ ಸರ್ ಹೇಳಿದ ‘ಕಾವಲು’, ‘ಗಡುವು’ ಎರಡಕ್ಕೂ ನನ್ನ ಒಪ್ಪಿಗೆ ಇದೆ. ಅವರು ಮುಟ್ಟದೆ ಬಿಟ್ಟಿರುವ ಕೋಡ್‌ಗಳ ಬಗ್ಗೆ ಹೇಳುತ್ತೇನೆ.

‘ಗುಪ್ತಪದ’ ಅಂದರೆ ಜನ ಅಕ್ಷರ ಹುಡುಕುತ್ತಾರೆ; ಕೀಪ್ಯಾಡ್ ಮೇಲೆ ಇರುವುದು ಅಂಕಿ. ಎಟಿಎಂನಿಂದ ‘ಪಿನ್’ ಎಲ್ಲರಿಗೂ ಗೊತ್ತು. ಮಾಸ್ಟರ್ ಕೋಡ್‌ಗೆ ‘ಯಜಮಾನ ಪಿನ್’ ಬೇಡ. ಯಜಮಾನರು ಊರಲ್ಲಿಲ್ಲದಿದ್ದರೆ ಮನೆಯಾಕೆಗೆ ಅದು ಗೊತ್ತಿರಬಾರದು ಎಂಬ ಅರ್ಥ ಬರುತ್ತದೆ, ಮತ್ತು ಅವರೇ ಹೆಚ್ಚು ಹೊತ್ತು ಮನೆಯಲ್ಲಿರುವವರು. ‘ಮುಖ್ಯ ಪಿನ್’ ಸಾಕು. ಬೇರೆಯವರ ಪಿನ್ ಸೇರಿಸುವುದು, ಅಳಿಸುವುದು ಇದರ ಕೆಲಸ. ಝೋನ್, ಗಡುವು, ಫೋನ್ ನಂಬರ್ ಬದಲಿಸುವ ಇನ್‌ಸ್ಟಾಲರ್ ಕೋಡ್ ಬೇರೆ. ಅದು ‘ಮೆಕ್ಯಾನಿಕ್ ಪಿನ್’. ಕಾರ್ಖಾನೆಯಿಂದ 1234ರಂಥ ಅಂಕಿಗಳೊಂದಿಗೆ ಬಂದಿರುತ್ತವೆ. ಎರಡನ್ನೂ ಮನೆಯವರ ಕಣ್ಣೆದುರೇ ಬದಲಿಸಬೇಕು ಎಂದು ಕೈಪಿಡಿಯ ಮೊದಲ ಸಾಲಿನಲ್ಲೇ ಹಾಕಿ. ಕೆಲಸದವರಿಗೆ ಮುಖ್ಯ ಪಿನ್ ಹೇಳಿಬಿಡುವುದು ಹೆಚ್ಚಾಗಿ ನಡೆಯುವ ತಪ್ಪು. ಅವರಿಗೆ ಬೇರೆಯದೇ ಪಿನ್ ಕೊಟ್ಟರೆ ಕೆಲಸ ಬಿಟ್ಟ ದಿನ ಅದೊಂದನ್ನೇ ಅಳಿಸಬಹುದು.

ಡ್ಯುರೆಸ್ ಅಂದರೆ ಯಾರೋ ಹೆದರಿಸಿ ಕಾವಲು ತೆಗೆಸುವಾಗ ಒತ್ತುವ ಪಿನ್. ಕಾವಲು ತೆಗೆದಂತೆ ಕಾಣುತ್ತದೆ, ಸೈರನ್ ಹೊಡೆಯುವುದಿಲ್ಲ, ಸುದ್ದಿ ಮಾತ್ರ ಹೊರಗೆ ಹೋಗುತ್ತದೆ. ‘ಒತ್ತಾಯದ ಪಿನ್’ ಅಂದರೆ ಆಗದು. ನಮ್ಮಲ್ಲಿ ಒತ್ತಾಯ ಮಾಡಿ ಊಟಕ್ಕೆ ಕೂಡಿಸುತ್ತಾರೆ. ‘ಆಪತ್ತಿನ ಪಿನ್’ ಸರಿ. ಆದರೆ ಮೇಡಂ, ಇದನ್ನು ಗೋಡೆ ಕಾರ್ಡ್‌ನಲ್ಲಿ ಹಾಕಲೇಬೇಡಿ. ಹೆದರಿಸಲು ಬಂದವನೂ ಅದೇ ಕಾರ್ಡ್ ಓದುತ್ತಾನೆ. ಮನೆಮಂದಿಗೆ ಬಾಯಲ್ಲಿ ಹೇಳಿಕೊಡುವ ವಿಷಯ ಅದು. ಕೆಲವು ಪ್ಯಾನೆಲ್‌ಗಳಲ್ಲಿ ಇದ್ದ ಪಿನ್‌ನ ಕೊನೆಯ ಅಂಕಿಗೆ 1 ಕೂಡಿಸಿದರೆ ಆಪತ್ತಿನ ಪಿನ್ ಆಗುತ್ತದೆ. ಅಂಥಲ್ಲಿ ಗಂಡನಿಗೆ 4821, ಹೆಂಡತಿಗೆ 4822 ಎಂದು ಸಾಲಾಗಿ ಕೊಡಬಾರದು.

‘ಫಾಲ್ಸ್ ಅಲಾರಾಂ’ಗೆ ‘ಸುಳ್ಳು ಅಲಾರಾಂ’ ಎಂದು ಬರೆದರೆ ಯಾರೋ ಸುಳ್ಳು ಹೇಳಿದಂತಾಗುತ್ತದೆ. ‘ಕಾರಣವಿಲ್ಲದೆ ಸೈರನ್ ಕೂಗಿದರೆ’ ಎಂದು ಬಿಡಿಸಿ ಬರೆದು, ಕೆಳಗೇ ಕಾರಣ ಕೊಡಿ. ಪಿಐಆರ್ ಲೆನ್ಸ್ ಮೇಲೆ ಹಲ್ಲಿ ಹರಿದರೆ ಅದಕ್ಕೆ ದೊಡ್ಡ ಆಕಾರ ಓಡಾಡಿದಂತೆಯೇ. ಕೂಲರ್‌ನ ಗಾಳಿ ನೇರ ಬಡಿದರೂ, ಬೆಳಕಿಂಡಿಯ ಬಿಸಿಲು ನೇರ ಬಿದ್ದರೂ ಹಾಗೆಯೇ. ಇದರ ಉಲ್ಟಾ ಕೂಡ ಇದೆ. ಪಿಐಆರ್ ಹಿಡಿಯುವುದು ಮೈಯ ಬಿಸಿಗೂ ಹಿಂದಿನ ಗೋಡೆಯ ಬಿಸಿಗೂ ಇರುವ ವ್ಯತ್ಯಾಸವನ್ನು. ರಾಯಚೂರಿನ ಬೇಸಿಗೆಯಲ್ಲಿ ಬೀಗ ಹಾಕಿದ ಮನೆಯ ಗೋಡೆ 35 ಡಿಗ್ರಿ ದಾಟಿದಾಗ ಆ ವ್ಯತ್ಯಾಸ ಕರಗಿಹೋಗಿ ಸೆನ್ಸರ್ ಮಂಕಾಗುತ್ತದೆ. ಉಷ್ಣತೆಗೆ ಹೊಂದಿಕೊಳ್ಳುವ ಸೆನ್ಸರ್ ಕೇಳಿ ತರಿಸಿ, ಬಾಗಿಲಿಗೆ ಮ್ಯಾಗ್ನೆಟ್ ಕಾಂಟ್ಯಾಕ್ಟ್ ತಪ್ಪಿಸಬೇಡಿ. ಕಬ್ಬಿಣದ ಬಾಗಿಲು, ಶಟರ್‌ಗೆ ಸಾದಾ ಕಾಂಟ್ಯಾಕ್ಟ್ ನಿಲ್ಲುವುದಿಲ್ಲ, ಕಬ್ಬಿಣ ಮ್ಯಾಗ್ನೆಟ್‌ನ ಸೆಳೆತವನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ದೊಡ್ಡ ಗ್ಯಾಪ್‌ನ ಶಟರ್ ಕಾಂಟ್ಯಾಕ್ಟೇ ಬೇಕು.

‘ಲೋ ಬ್ಯಾಟರಿ’ಗೆ ‘ಬ್ಯಾಟರಿ ಇಳಿದಿದೆ’ ಸಾಕು. ಸೀಸದ ಬ್ಯಾಟರಿಯ ಆಯುಷ್ಯ ಪ್ರತಿ 10 ಡಿಗ್ರಿ ಹೆಚ್ಚುವರಿ ಬಿಸಿಗೆ ಹತ್ತಿರಹತ್ತಿರ ಅರ್ಧಕ್ಕೆ ಇಳಿಯುತ್ತದೆ, ಆದ್ದರಿಂದ ಪ್ಯಾನೆಲ್ ಡಬ್ಬಿ ಪಡುವಣ ಗೋಡೆಗೆ ಬೇಡ. ಬ್ಯಾಟರಿ ಹಾಕಿದ ತಿಂಗಳು, ವರ್ಷ ಬರೆಯಲು ಕಾರ್ಡ್‌ನಲ್ಲಿ ಜಾಗ ಬಿಡಿ. ಸಿಮ್‌ಗೂ ಒಂದು ಸಾಲು ಬೇಕು: ಅಲಾರಾಂ ಆದಾಗ ತಾನೇ ಫೋನ್ ಮಾಡುವ, 2ಜಿ ಮಾತ್ರ ಹಿಡಿಯುವ ಹಳೆಯ ಡಯಲರ್‌ಗೆ ಜಿಯೋ ಸಿಮ್ ನಡೆಯುವುದಿಲ್ಲ, ಮತ್ತು ರೀಚಾರ್ಜ್ ಮುಗಿದ ಸಿಮ್‌ನಿಂದ ಯಾರಿಗೂ ಕರೆ ಹೋಗುವುದಿಲ್ಲ. ಮೊದಲ ನಂಬರ್ ಊರಲ್ಲೇ ಇರುವ ಸಂಬಂಧಿಕರದೋ ನೆರೆಯವರದೋ ಇರಲಿ. ಅವರು ನೋಡಿ 112ಕ್ಕೆ ಕರೆ ಮಾಡಲಿ.