ಪಿಪಿಎ ತೆಗೆದ ಮೇಲೆ 32 ಬಿಟ್ ಲೈಬ್ರರಿ ಕೂರುತ್ತಿಲ್ಲ, ಆವೃತ್ತಿ ಹೊಂದುತ್ತಿಲ್ಲ

ಪ್ರಶ್ನೆ: ಉಬುಂಟು 24.04 ಬಳಸುತ್ತಿದ್ದೇನೆ. ಹೊಸ ಗ್ರಾಫಿಕ್ಸ್ ಲೈಬ್ರರಿಗಳು ಸಿಗಲಿ ಎಂದು ಒಂದು ಪಿಪಿಎ (ಉಬುಂಟುವಿನ ಮುಖ್ಯ ರೆಪೊ ಅಲ್ಲದ, ಬೇರೆಯವರು ಪ್ಯಾಕೇಜ್ ಹಂಚುವ ಜಾಗ) ಸೇರಿಸಿದ್ದೆ. ಆಮೇಲೆ ಬೇಡ ಅನ್ನಿಸಿ ತೆಗೆದೆ. ಈಗ 32 ಬಿಟ್ ಪ್ರೋಗ್ರಾಂ ಒಂದನ್ನು ಹಾಕಲು ಹೋದರೆ ಲಿಬ್‌ಡಿಆರ್‌ಎಂ2 ಎಂಬ ಗ್ರಾಫಿಕ್ಸ್ ಲೈಬ್ರರಿ ಹತ್ತಿರ ನಿಂತುಬಿಡುತ್ತದೆ. 'ಹೆಲ್ಡ್ ಬ್ರೋಕನ್ ಪ್ಯಾಕೇಜಸ್' (ಹಿಡಿದಿಟ್ಟ, ಮುರಿದ ಪ್ಯಾಕೇಜ್‌ಗಳು) ಇವೆ ಅನ್ನುತ್ತದೆ. ಫುಲ್-ಅಪ್‌ಗ್ರೇಡ್ ಕೂಡ ಮಾಡಿದೆ, ಏನೂ ಬದಲಾಗಲಿಲ್ಲ. ಆ ಲೈಬ್ರರಿಯನ್ನೇ ತೆಗೆದು ಮತ್ತೆ ಹಾಕಲಾ?

ಉತ್ತರ: ದಯವಿಟ್ಟು ತೆಗೆಯಬೇಡಿ. ಅದನ್ನು ನಂಬಿಕೊಂಡಿರುವ ಡೆಸ್ಕ್‌ಟಾಪ್ ಕೂಡ ಜೊತೆಗೇ ಹೋಗಿಬಿಡುತ್ತದೆ. 'ಹೆಲ್ಡ್' ಅಂದ ಮಾತ್ರಕ್ಕೆ ನೀವು ಏನನ್ನೋ ಹಿಡಿದಿಟ್ಟಿದ್ದೀರಿ ಅಂತಲ್ಲ. ಆ ಸಂದೇಶ ತುಂಬಾ ಜನರನ್ನು ದಾರಿ ತಪ್ಪಿಸುತ್ತದೆ. 'ಆಪ್ಟ್-ಮಾರ್ಕ್ ಶೋಹೋಲ್ಡ್' ಕೊಟ್ಟು ನೋಡಿ, ಹಿಡಿದಿಟ್ಟದ್ದು ಇದ್ದರೆ ಅದು ತೋರಿಸುತ್ತದೆ. ಆಮೇಲೆ 'ಆಪ್ಟ್ ಪಾಲಿಸಿ ಲಿಬ್‌ಡಿಆರ್‌ಎಂ2' ಏನು ತೋರಿಸುತ್ತದೆ ಹೇಳಿ.

ಪ್ರಶ್ನೆ ಕೇಳಿದವರು: ಶೋಹೋಲ್ಡ್ ಖಾಲಿ. ಪಾಲಿಸಿಯಲ್ಲಿ ಈಗಿರುವ ಆವೃತ್ತಿಯ ಕೆಳಗೆ 100 ಮತ್ತು ಡಿಪಿಕೆಜಿ ಸ್ಟೇಟಸ್ ಫೈಲ್ (ಸಿಸ್ಟಂನಲ್ಲಿ ಹಾಕಿರುವ ಪ್ಯಾಕೇಜ್‌ಗಳ ದಾಖಲೆ) ಮಾತ್ರ ಇದೆ. 500 ಅಂತಿರುವ ಸಾಲುಗಳಲ್ಲಿ ಹಳೆಯ ಆವೃತ್ತಿ ಇದೆ.

ಉತ್ತರ: ಹಾಗಾದರೆ ಸಮಸ್ಯೆ ಸಿಕ್ಕಿತು. ಪಿಪಿಎ ತೆಗೆದಾಗ ಹೋಗಿದ್ದು ಅದರ ವಿಳಾಸ ಮಾತ್ರ. ಅಲ್ಲಿಂದ ಬಂದ ಪ್ಯಾಕೇಜ್‌ಗಳು ನಿಮ್ಮ ಸಿಸ್ಟಂನಲ್ಲೇ ಉಳಿದಿವೆ. ಈಗಿರುವ ಆವೃತ್ತಿ ಯಾವ ರೆಪೊದಲ್ಲೂ ಇಲ್ಲ, ಅದಕ್ಕೇ ಬರೀ 100. ಇಂಥ ಲೈಬ್ರರಿಯ 64 ಬಿಟ್ ಮತ್ತು 32 ಬಿಟ್ ಪ್ರತಿಗಳು ಒಟ್ಟಿಗೆ ಇರಬೇಕಾದರೆ ಎರಡರ ಆವೃತ್ತಿಯೂ ಒಂದೇ ಆಗಿರಬೇಕು, ಕೊನೆಯ ಅಂಕಿಯವರೆಗೂ. ನಿಮ್ಮ 64 ಬಿಟ್ ಪ್ರತಿ ಪಿಪಿಎಯದು. 32 ಬಿಟ್ ಪ್ರತಿ ಈಗ ಉಬುಂಟು ರೆಪೊದಲ್ಲಿ ಮಾತ್ರ ಸಿಗುತ್ತದೆ. ಹೊಂದುವುದಾದರೂ ಹೇಗೆ, ಅಲ್ವಾ?

ಆಪ್ಟ್ ತಾನಾಗಿ ಹಳೆಯ ಆವೃತ್ತಿಗೆ ಇಳಿಯುವುದಿಲ್ಲ. ಆದ್ಯತೆ (ಪಾಲಿಸಿಯಲ್ಲಿ ಕಂಡ 100, 500 ಅದೇ) 1000 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಇಳಿಯುತ್ತದೆ. ಅದಕ್ಕೇ ಫುಲ್-ಅಪ್‌ಗ್ರೇಡ್ ಸುಮ್ನೆ ಇತ್ತು. ಒಂದೇ ಪ್ಯಾಕೇಜ್ ಆಗಿದ್ದರೆ ಹೆಸರಿನ ನಂತರ ಸಮ ಚಿಹ್ನೆ ಹಾಕಿ, ಆವೃತ್ತಿ ಬರೆದು ಇಳಿಸಬಹುದಿತ್ತು. ಆದರೆ ಗ್ರಾಫಿಕ್ಸ್ ಪಿಪಿಎ ಮೆಸಾವನ್ನೂ (ಗ್ರಾಫಿಕ್ಸ್ ಡ್ರೈವರ್‌ಗಳ ಸಂಗ್ರಹ) ತಂದಿರುತ್ತದೆ. ಅದಕ್ಕೆ ಹೊಸ ಲಿಬ್‌ಡಿಆರ್‌ಎಂ ಬೇಕಾಗಿರಬಹುದು. ಒಂದನ್ನು ಇಳಿಸಿದರೆ ಇನ್ನೊಂದು ತಕರಾರು ಮಾಡುತ್ತದೆ.

ಹಾಗಾಗಿ ಪಿಪಿಎಯಿಂದ ಬಂದದ್ದನ್ನೆಲ್ಲ ಉಬುಂಟು ಆವೃತ್ತಿಗೆ ಇಳಿಸುವ ಪಿಪಿಎ-ಪರ್ಜ್ ಹಾಕಿಕೊಳ್ಳಿ. ಅದೇ ಪಿಪಿಎಯನ್ನು ಮತ್ತೆ ಸೇರಿಸಿ, ಆಪ್ಟ್ ಅಪ್‌ಡೇಟ್ ಮಾಡಿ, ಆಮೇಲೆ ಪರ್ಜ್ ಓಡಿಸಿ. ಆ ಪಿಪಿಎಯ ಪ್ಯಾಕೇಜ್ ಪಟ್ಟಿ ಇಲ್ಲದಿದ್ದರೆ ಯಾವುದನ್ನು ಇಳಿಸಬೇಕು ಅಂತ ಅದಕ್ಕೆ ತಿಳಿಯುವುದಿಲ್ಲ. 'ಹೌದು' ಅನ್ನುವ ಮೊದಲು ತೆಗೆದುಹಾಕುವ ಪ್ಯಾಕೇಜ್‌ಗಳ ಪಟ್ಟಿಯನ್ನು ನಿಧಾನವಾಗಿ ಓದಿ. ಅಲ್ಲಿ ಡೆಸ್ಕ್‌ಟಾಪ್ ಹೆಸರು ಕಂಡರೆ ಅಲ್ಲೇ ನಿಲ್ಲಿಸಿ, ಆ ಪಟ್ಟಿಯನ್ನು ಇಲ್ಲಿ ಹಾಕಿ.

ಪ್ರಶ್ನೆ ಕೇಳಿದವರು: ಆಯಿತು! ತೆಗೆದುಹಾಕುವ ಪಟ್ಟಿ ಖಾಲಿ ಇತ್ತು, ಎಲ್ಲವೂ ಬರೀ ಕೆಳಗಿಳಿಯುವವೇ. ರೀಬೂಟ್ ಮಾಡಿದೆ. ಪಾಲಿಸಿಯಲ್ಲಿ ಈಗ 500 ಕಾಣುತ್ತಿದೆ, 32 ಬಿಟ್ ಪ್ರೋಗ್ರಾಂ ಕೂಡ ಕೂತಿತು. ತುಂಬಾ ಧನ್ಯವಾದ.