ಕುಮಟಾ ಬಂದರಿನ ಮೇಲೆ ಡಾಕ್ಯುಮೆಂಟರಿ ಮಾಡ್ತಿದೀವಿ, ಆದ್ರೆ ಅಲ್ಲಿ ತೋರ್ಸೋಕೆ ಏನೂ ಉಳ್ದಿಲ್ಲ, ಏನ್ ಮಾಡೋದು?

ಅಘನಾಶಿನಿ_ಹುಡುಗ

ಎಲ್ಲರಿಗೂ ನಮಸ್ಕಾರ. ನಾವು ಮೂರು ಜನ ಸೇರ್ಕೊಂಡು ಕುಮಟಾ ಬಂದರಿನ ಬಗ್ಗೆ ಒಂದು 25 ನಿಮಿಷದ ಡಾಕ್ಯುಮೆಂಟರಿ ಮಾಡ್ತಿದೀವಿ, ಕೈಯಿಂದಾನೇ ದುಡ್ಡು ಹಾಕ್ಕೊಂಡು. ಒಂದು ಕಾಲದಲ್ಲಿ ಇಲ್ಲಿಂದ ಹೋಗ್ತಿದ್ದ ಹತ್ತಿಗೆ ಬಾಂಬೆ ಮಾರ್ಕೆಟ್ಟಲ್ಲೂ ಲಿವರ್‌ಪೂಲಲ್ಲೂ 'ಕುಮಟಾ' ಅಂತಾನೇ ಹೆಸರಿತ್ತು, ಅದು ನಮ್ಮೂರಿನ ಎಷ್ಟೋ ಜನಕ್ಕೇ ಗೊತ್ತಿಲ್ಲ, ಅದನ್ನ ಹೇಳ್ಬೇಕು ಅಂತ ಆಸೆ. ಪ್ರಾಬ್ಲಂ ಏನಂದ್ರೆ ಕ್ಯಾಮೆರಾ ಹಿಡ್ಕೊಂಡು ಬಂದರ್ ಹತ್ರ ಹೋದ್ರೆ ನಾಲ್ಕು ಮೀನಿನ ದೋಣಿ, ಒಣಗೋಕೆ ಹಾಕಿರೋ ಬಲೆ, ಲೈಟ್‌ಹೌಸ್, ಅಷ್ಟೇ. ಅದಕ್ಕೇ ಮಿರ್ಜಾನ್ ಕೋಟೆಯ ಡ್ರೋನ್ ಶಾಟಿಂದ ಶುರು ಮಾಡಿ ಕರಿಮೆಣಸಿನ ರಾಣಿ ಚೆನ್ನಭೈರಾದೇವಿ ಕಥೆ ಹೇಳಿ ಆಮೇಲೆ ಹತ್ತಿಗೆ ಬರೋಣ ಅಂತ ಪ್ಲಾನು. ಹಳೇ ಬಜಾರು, ಹತ್ತಿ ಅಂಡಿಗೆ (ಕಟ್ಟಿದ ಮೂಟೆ), ಹಾಯಿಹಡಗು ಇವಕ್ಕೆಲ್ಲ ಎಐ ಚಿತ್ರ ಹಾಕ್ಬಿಡು ಅಂತಾನೆ ಎಡಿಟಿಂಗ್ ಮಾಡೋ ಗೆಳೆಯ. ಹಾಕ್ಬೋದಾ? ಹಳೇ ಫೋಟೋ, ದಾಖಲೆ ಎಲ್ಲಿ ಸಿಗತ್ತೆ? ಬೆಂಗಳೂರಿನ ಆರ್ಕೈವ್ಸಿಗೆ ಹೋಗಿ ಎರಡು ದಿನ ಕೂತು ಬಂದೆ, ಕೈಗೆ ಹತ್ತಿದ್ದು ಕಮ್ಮಿ.

ಗಿರಗಾಂವ್ ಕನ್ನಡಿಗ

ಬೆಂಗಳೂರಲ್ಲಿ ಹೇಗ್ ಸಿಗತ್ತೆ ಮಾರಾಯ್ರೆ! 1862ರಲ್ಲಿ ಉತ್ತರ ಕನ್ನಡವನ್ನ ಮದ್ರಾಸ್ ಪ್ರೆಸಿಡೆನ್ಸಿಯಿಂದ ಕಿತ್ತು ಬಾಂಬೆಗೆ ಸೇರಿಸಿದ್ರು, 1956ರ ತನಕ ಅಲ್ಲೇ ಇತ್ತು. ಹಾಗಾಗಿ 1862ರ ಹಿಂದಿನದು ಬೇಕಿದ್ರೆ ಚೆನ್ನೈ ಎಗ್ಮೋರಿನ ಆರ್ಕೈವ್ಸು, ಆಮೇಲಿಂದಕ್ಕೆ ಇಲ್ಲಿ ಮುಂಬೈಲಿ ಎಲ್ಫಿನ್‌ಸ್ಟನ್ ಕಾಲೇಜ್ ಕಟ್ಟಡದಲ್ಲಿರೋ ಮಹಾರಾಷ್ಟ್ರ ಆರ್ಕೈವ್ಸು. ಮೊದ್ಲೇ ಅರ್ಜಿ ಕೊಟ್ಟು ಒಂದು ವಾರ ಬಿಡುವು ಮಾಡ್ಕೊಂಡು ಬನ್ನಿ, ಒಂದೆರಡು ದಿನದಲ್ಲಿ ಆಗೋ ಕೆಲ್ಸ ಅಲ್ಲ, ಫೈಲ್ ಬರೋಕೇ ಅರ್ಧ ದಿನ ಹೋಗತ್ತೆ. ಅದಕ್ಕೂ ಮುಂಚೆ ಮನೇಲೇ ಕೂತು 1883ರ ಬಾಂಬೆ ಗೆಜೆಟಿಯರಿನ (ಜಿಲ್ಲೆಗಳ ವಿವರ ಇರೋ ಸರ್ಕಾರಿ ಪುಸ್ತಕ) ಕೆನರಾ, ಅಂದ್ರೆ ಉತ್ತರ ಕನ್ನಡದ ಸಂಪುಟ ಓದಿ, ಇಂಟರ್ನೆಟ್ಟಲ್ಲಿ ಫ್ರೀ ಇದೆ, ಎರಡು ಭಾಗ.

ಆ 1862ರ ಬದಲಾವಣೆ ಬರೀ ಆಫೀಸಿನ ಕಾಗದದ ವಿಷಯ ಅಂದ್ಕೋಬೇಡಿ, ಅದ್ರ ಹಿಂದೆ ಇದ್ದಿದ್ದೇ ಹತ್ತಿ. 1861ಕ್ಕೆ ಅಮೆರಿಕಾದಲ್ಲಿ ಸಿವಿಲ್ ವಾರ್ ಶುರುವಾಗಿ ಅಲ್ಲಿನ ಹತ್ತಿ ನಿಂತೋಯ್ತು, ಮ್ಯಾಂಚೆಸ್ಟರ್ ಗಿರಣಿಯವ್ರಿಗೆ ಧಾರವಾಡದ ಹತ್ತಿ ಬೇಕಾಯ್ತು, ಹತ್ತಿ ಬೆಳೆಯೋ ನೆಲ ಬಾಂಬೆಯವ್ರ ಕೈಲಿ, ಅದು ಇಳಿದು ಬರೋ ಕರಾವಳಿ ಮದ್ರಾಸಿನವ್ರ ಕೈಲಿ, ಘಾಟಿ ರಸ್ತೆ ಮಾಡೋರು ಯಾರು ಅಂತ ಎಳೆದಾಟ. ನಿಮ್ಮ ಡಾಕ್ಯುಮೆಂಟರಿ ಶುರುವಾಗ್ಬೇಕಿದ್ದು ಇಲ್ಲಿಂದ. ಚೆನ್ನಭೈರಾದೇವಿ ದೊಡ್ಡ ಕಥೆ ಹೌದು, ಆದ್ರೆ ಅದು 16ನೇ ಶತಮಾನದ್ದು, ಮೆಣಸಿಂದು, ಅದಕ್ಕೇ ಬೇರೆ ಸಿನಿಮಾ ಬೇಕು. 25 ನಿಮಿಷದಲ್ಲಿ ಎರಡನ್ನೂ ತುರುಕಿದ್ರೆ ಎರಡೂ ಕೆಡತ್ತೆ.

ಹಾಂ, ಇನ್ನೊಂದು, 1863ರಲ್ಲಿ ಬಾಂಬೆ ಸರ್ಕಾರ ಹತ್ತಿ ಕಲಬೆರಕೆ ತಡೆಯೋಕೆ ಅಂತಾನೇ ಕಾಯ್ದೆ ತಂತು. ನೀರು ಹೊಡೆದು ತೂಕ ಏರಿಸೋದು, ಬೀಜ, ಮಣ್ಣು ಸೇರಿಸೋದು ಎಲ್ಲಾ ನಡೀತಿತ್ತು. ಅದನ್ನ ಬಿಡ್ಬೇಡಿ, ನೋಡೋರಿಗೆ ಮಜಾ ಬರೋದೇ ಅಂಥದ್ರಲ್ಲಿ.

ಕರಿನೆಲ

ಹುಬ್ಬಳ್ಳಿ ಕಡಿಯಾಂವ ನಾ. ಹತ್ತಿ ಬೆಳದವ್ರು ನಾವು, ಹೆಸರು ಮಾತ್ರ ನಿಮ್ಮೂರಿಂದು, ಇರ್ಲಿ ಬಿಡ್ರಿ 😄

ನೀವು ಬಂದರದಾಗ ಏನೂ ಉಳದಿಲ್ಲ ಅಂತೀರಿ, ಖರೇ, ಆದ್ರ ಹತ್ತಿ ಸಮುದ್ರದಾಗ ಬೆಳಿತಿತ್ತೇನ್ರಿ? ಅದು ಬಂದ ದಾರಿ ಹಿಡೀರಿ. ನಮ್ಮ ಕಡೆ ಜಯಧರ ಅಂತ ನಾಟಿ ಹತ್ತಿ ಈಗೂ ಅಲ್ಲೊಬ್ರು ಇಲ್ಲೊಬ್ರು ಹಾಕ್ತಾರ, ಹಳೇ ಕುಮಟಾ ಹತ್ತಿ ಜಾತೀದ, ಮಳಿ ನೆಚ್ಚಿದ್ದು, ಕಾಯಿ ಸಣ್ಣದು. ಬಿಡಸೂದು ಫೆಬ್ರವರಿ ಮಾರ್ಚ್‌ನಾಗ. ಅಂದ್ರ ಲೆಕ್ಕಾ ಹಾಕ್ರಿ, ಬಿಡಿಸಿ, ಬೀಜಾ ತಗದು, ಅಂಡಿಗಿ ಕಟ್ಟಿ, ಎತ್ತಿನ ಮ್ಯಾಲೆ ಇಲ್ಲಾ ಗಾಡಿ ಮ್ಯಾಲೆ ಹೇರಿ, ಶಿರಸಿ ದಾಟಿ, ದೇವಿಮನೆ ಘಟ್ಟಾ ಇಳದು ಕುಮಟಾ ಮುಟ್ಟೂದ್ರಾಗ ಏಪ್ರಿಲ್ ಮೇ ಆಗ್ತದ, ಜೂನ್‌ದಾಗ ಮಳಿ ಹಿಡೀತು ಅಂದ್ರ ಹಡಗ ನಿಂತ್ವು, ಮುಂದ ಶ್ರಾವಣ ಕಳಿಯೂ ತನಕ ಹತ್ತಿ ಅಲ್ಲೇ ಬಿದ್ದಿರಬೇಕು. ವರ್ಷಾ ವರ್ಷಾ ಇದೇ ಓಟ. ಹೋಗೂವಾಗ ಹತ್ತಿ, ಬರೂವಾಗ ಉಪ್ಪು, ತೆಂಗಿನಕಾಯಿ. ಲಂಬಾಣಿ ಮಂದಿ ಎತ್ತಿನ ಹಿಂಡು ಹೊಡಕೊಂಡು ಇದೇ ವ್ಯಾಪಾರ ಮಾಡ್ತಿದ್ರು.

ಉಪ್ಪು ಬೇಕಂದ್ರ ನಿಮ್ಮ ಸಾಣಿಕಟ್ಟಾದ ಆಗರ ಈಗೂ ಅದಾವಲ್ರೀ, ಅಲ್ಲಿ ಕ್ಯಾಮೆರಾ ಇಡ್ರಿ.

ಬೂಮ್‌ಮೈಕ್

ನಾನು ಸೌಂಡ್ ಮಾಡೋನು, ಇತಿಹಾಸ ಅಷ್ಟಕ್ಕಷ್ಟೆ. ಎಐ ಚಿತ್ರದ ಬಗ್ಗೆ ಮಾತ್ರ ಹೇಳ್ತೀನಿ. ನಮ್ಮ ಟೀಮು ಒಂದ್ಸಲ ಹಂಗೇ ಹಳೇ ಬಂದರಿನ ಚಿತ್ರ ಹಾಕಿತ್ತು, ಊರಲ್ಲಿ ಶೋ ಇಟ್ಟಾಗ ಹಿಂದಿನ ಸೀಟಲ್ಲಿ ಕೂತಿದ್ದ, ಮೀನುಗಾರ ಸಮುದಾಯದ ಖಾರ್ವಿ ಅಜ್ಜ ಒಬ್ರು ಎದ್ದು 'ಈ ಗಾಳಿಗೆ ಆ ಹಾಯಿ ಹಿಂಗೆ ಕಟ್ಟಿದ್ರೆ ದೋಣಿ ಮಗುಚೇ ಹೋಗ್ತದೆ' ಅಂದ್ರು, ಇಡೀ ಹಾಲ್ ನಕ್ಕಿತು, ಅಲ್ಲಿಂದಾಚೆ ನಾವು ಹೇಳಿದ ನಿಜಾನೂ ಯಾರೂ ನಂಬ್ಲಿಲ್ಲ. ಆ ಅಜ್ಜನನ್ನ ಮೊದ್ಲೇ ಕೂರಿಸ್ಕೊಂಡು ಮಾತಾಡ್ಸಿದ್ರೆ ಚಿತ್ರಾನೇ ಬೇಕಿರ್ಲಿಲ್ಲ.

ಖಾಲಿ ಕಡಲತಡಿ ತೋರ್ಸಿ, ಮೇಲೆ ಯಾರಾದ್ರೂ ಹಳೇ ಪತ್ರ ಓದ್ಲಿ. ಸಾಕು. ಮೇ ಕೊನೇಲಿ ಹೋಗಿ, ಅಲೆ ಸದ್ದು ಬದಲಾಗಿರತ್ತೆ. ಗಾಳಿಗೆ ಮೈಕಿಗೊಂದು ತುಪ್ಪಳದ ಕವರ್ ಹಾಕೋದು ಮರೀಬೇಡಿ.

ಗಿರಗಾಂವ್ ಕನ್ನಡಿಗ

@ಬೂಮ್‌ಮೈಕ್ ಪೂರ್ತಿ ಒಪ್ಪಲ್ಲ. ಕಲಾವಿದರ ಹತ್ರ ಗೆರೆಚಿತ್ರ ಬರೆಸಿ 'ಇದು ಕಲ್ಪನೆ' ಅಂತ ಕೆಳಗೆ ಹಾಕಿದ್ರೆ ತಪ್ಪೇನು? ಬರೀ ಖಾಲಿ ಬೀಚು 25 ನಿಮಿಷ ಯಾರು ನೋಡ್ತಾರೆ.

ಅಘನಾಶಿನಿ_ಹುಡುಗ

ಎಲ್ಲರಿಗೂ ಥ್ಯಾಂಕ್ಸ್, ನಿನ್ನೆ ರಾತ್ರಿ ಕೂತು ಸ್ಕ್ರಿಪ್ಟ್ ಅರ್ಧ ಹರಿದು ಹಾಕಿದ್ವಿ. ಕೋಟೆ ಡ್ರೋನ್ ಶಾಟ್ ಕ್ಯಾನ್ಸಲ್, ಹೇಗೂ ಪುರಾತತ್ವ ಇಲಾಖೆ ಪರ್ಮಿಷನ್ನಿಗೆ ಅಲೆಯೋದು ಉಳೀತು. ಒಂದ್ ಡೌಟು, ಬಂದರು ಬಿದ್ದೋಗಿದ್ದು ಯಾಕೆ ಅಂತ ಊರಲ್ಲಿ ಕೇಳಿದ್ರೆ ಎಲ್ಲರೂ ಹೂಳು ತುಂಬಿ ಅಂತಾರೆ, ಹೌದಾ?

ಗಿರಗಾಂವ್ ಕನ್ನಡಿಗ

ಹೂಳಿನ ಮೇಲೇ ಎಲ್ಲಾ ಹಾಕ್ಬೇಡಿ. ಮೊದ್ಲು ಅಮೆರಿಕಾ ಯುದ್ಧ 1865ಕ್ಕೆ ಮುಗೀತು, ರೇಟು ಬಿತ್ತು, ಬಾಂಬೆಲಿ ಶೇರು ಪೇಟೆ ಮುಳುಗಿ ಸೇಠುಗಳೇ ದಿವಾಳಿ. ಆಮೇಲೂ ಹತ್ತಿ ಬರ್ತಾನೇ ಇತ್ತು, ಒಂದಷ್ಟು ಕಾರವಾರಕ್ಕೂ ಹೋಯ್ತು. ದೊಡ್ಡ ಹೊಡೆತ ಬಿದ್ದಿದ್ದು 1880ರ ದಶಕದ ಕೊನೇಲಿ, ಹುಬ್ಬಳ್ಳಿ ಕಡೆಯಿಂದ ಕ್ಯಾಸಲ್‌ರಾಕ್ ಮೇಲೆ ಪೋರ್ಚುಗೀಸರ ಮರ್ಮಗೋವಾಗೆ ರೈಲು ಹೋದಾಗ. ಹತ್ತಿ ರೈಲು ಹತ್ತಿದ ಮೇಲೆ ದೇವಿಮನೆ ಘಾಟಿ ಇಳಿಯೋರು ಯಾಕೆ ಇಳೀತಾರೆ? ಆ ಕುಮಟಾಕ್ಕೇ ರೈಲು ಬಂದಿದ್ದು ನೂರು ವರ್ಷ ಕಳೆದ ಮೇಲೆ, ಕೊಂಕಣ ರೈಲು, ಅದ್ರಲ್ಲಿ ಈಗ ಹುಡುಗರು ಮುಂಬೈಗೆ ಕೆಲ್ಸಕ್ಕೆ ಬರ್ತಾರೆ.

ಕರಿನೆಲ

ಅಣ್ಣಾರ, ಹತ್ತಿ ಬಿಡಸೂ ಹೊತ್ತಿಗೆ ಬರ್ರಿ ನಮ್ಮ ಕಡೆ. ದೀಪಾವಳಿಗೆ ಬಂದ್ರ ಬರೇ ಎಲಿ ನೋಡ್ಕೊಂಡ ಹೋಗಬೇಕಾಗ್ತದ. ಹಳೇ ಚಕ್ಕಡಿ ಒಂದು ನಮ್ಮ ಹಿತ್ತಲದಾಗ ಐತಿ, ಗಾಲಿ ಒಂದ ಮುರದೈತಿ, ಶಾಟಿಗೆ ನಡೀತದೇನು?